ಮೀಟಿಂಗಿನಲ್ಲಿ ಮೌನ, ಜಗಲಿಯಲ್ಲಿ ಮಾತು: ‘ಅಂತರ್ಮುಖಿ’ ಎಂಬ ಹಣೆಪಟ್ಟಿಯ ಒಂದು ಪ್ರಕರಣ

ಹಿನ್ನೆಲೆ

ಈ ಪ್ರಕರಣ ನಡೆದದ್ದು ಕರ್ನಾಟಕದ ತಾಲ್ಲೂಕು ಕೇಂದ್ರವೊಂದರಲ್ಲಿ ರೈತರಿಗೆ ಬೆಳೆಸಾಲ ಕೊಡುವ ಸಹಕಾರ ಸಂಸ್ಥೆಯಲ್ಲಿ. ಸಂಬಂಧಪಟ್ಟವರೆಲ್ಲರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ಹುದ್ದೆಗಳ ಸರಿಯಾದ ಹೆಸರು, ವಯಸ್ಸು, ಮನೆಯ ವಿವರ ಇವುಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ ಅಥವಾ ಕೈಬಿಟ್ಟಿದ್ದೇನೆ. ಮುಖ್ಯವಾಗಿ ಮೂವರು ಇದರಲ್ಲಿ ಬರುತ್ತಾರೆ. ಬಹುಕಾಲದಿಂದ ಹಳ್ಳಿಗಳನ್ನು ಸುತ್ತಿ ಸಾಲದ ಅರ್ಜಿ, ಜಮೀನಿನ ಪರಿಶೀಲನೆ, ವಸೂಲಾತಿ ಎಲ್ಲವನ್ನೂ ನೋಡಿಕೊಂಡು ಬಂದಿದ್ದ ಕ್ಷೇತ್ರಾಧಿಕಾರಿ ಒಬ್ಬರು, ಅವರು ಮಹಿಳೆ. ಅವರ ಜಾಗಕ್ಕೆ ನೇಮಕಗೊಂಡ ಕಿರಿಯ ಸಹೋದ್ಯೋಗಿ ಇನ್ನೊಬ್ಬರು. ಇವರಿಬ್ಬರ ಮೇಲಿನ ವ್ಯವಸ್ಥಾಪಕರು ಮೂರನೆಯವರು. ಉದ್ಯೋಗಸ್ಥಳದ ಮನಶ್ಶಾಸ್ತ್ರ ನನ್ನ ಕ್ಷೇತ್ರವಾದ್ದರಿಂದ ವ್ಯವಸ್ಥಾಪಕರು ನನ್ನ ಸಲಹೆ ಕೇಳಿದರು.

ನಾನು ಅಲ್ಲಿಗೆ ಹೋಗುವುದಕ್ಕೆ ಸುಮಾರು ಒಂದು ವರ್ಷ ಮೊದಲು ಸಂಸ್ಥೆಯು ಹೊರಗಿನ ತರಬೇತುದಾರರಿಂದ ‘ವ್ಯಕ್ತಿತ್ವ ವಿಕಸನ’ ಶಿಬಿರವೊಂದನ್ನು ನಡೆಸಿತ್ತು. ಪ್ರತಿಯೊಬ್ಬ ನೌಕರರೂ ಪ್ರಶ್ನಾವಳಿಯೊಂದನ್ನು ತುಂಬಿದರು, ಪ್ರತಿಯೊಬ್ಬರಿಗೂ ನಾಲ್ಕು ಅಕ್ಷರಗಳ ಒಂದು ಸಂಕೇತ ಸಿಕ್ಕಿತು. ಅಂತರ್ಮುಖಿಯೋ ಬಹಿರ್ಮುಖಿಯೋ, ಕಣ್ಣಿಗೆ ಕಂಡ ವಿವರವನ್ನು ನೆಚ್ಚುವವರೋ ಒಳಹೊಳಹನ್ನು ನೆಚ್ಚುವವರೋ, ತರ್ಕದಿಂದ ತೀರ್ಮಾನಿಸುವವರೋ ಭಾವನೆಯಿಂದ ತೀರ್ಮಾನಿಸುವವರೋ, ಎಲ್ಲವನ್ನೂ ಮೊದಲೇ ನಿಗದಿ ಮಾಡಿಕೊಳ್ಳುವವರೋ ಬಂದಂತೆ ಬರಲಿ ಎಂದು ಬಿಡುವವರೋ ಎಂಬ ನಾಲ್ಕು ಜೋಡಿಗಳಿಂದ ಹದಿನಾರು ಮಾದರಿಗಳು ಹುಟ್ಟುತ್ತವೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮುಂದಿಟ್ಟ ವಿಚಾರಗಳನ್ನು ಹಿಡಿದು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಬಗೆಯ ಪ್ರಶ್ನಾವಳಿಯನ್ನು ರೂಪಿಸತೊಡಗಿದರು. ಶಿಬಿರದಲ್ಲಿ ಬಳಸಿದ್ದು ಅದರದೇ ಮಾದರಿಯಲ್ಲಿ ಯಾರೋ ಸಿದ್ಧಪಡಿಸಿದ್ದ ಒಂದು ಚಿಕ್ಕ ಆವೃತ್ತಿ.

ಶಿಬಿರ ಎಲ್ಲರಿಗೂ ಹಿಡಿಸಿತ್ತು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಅಲ್ಲಿಯವರೆಗೆ ಒಬ್ಬರನ್ನೊಬ್ಬರು ‘ಅವನು ಮುಂಗೋಪಿ’, ‘ಇವಳಿಗೆ ಜಂಬ’ ಎಂದು ಬಣ್ಣಿಸುತ್ತಿದ್ದವರಿಗೆ ಸ್ವಭಾವದ ಭಿನ್ನತೆಯನ್ನು ದೋಷಾರೋಪಣೆಯಿಲ್ಲದೆ ಹೇಳುವ ಭಾಷೆಯೊಂದು ಮೊದಲ ಬಾರಿಗೆ ಸಿಕ್ಕಿತ್ತು, ಅದು ಸಣ್ಣ ಲಾಭವಲ್ಲ. ಆದರೆ ಶಿಬಿರ ಮುಗಿದ ಮೇಲೂ ಆ ಅಕ್ಷರಗಳು ಮುಗಿಯಲಿಲ್ಲ. ಮೇಜಿನ ಮೇಲೆ ಹೆಸರಿನ ಫಲಕದ ಪಕ್ಕದಲ್ಲಿ ಬಣ್ಣದ ಕಾರ್ಡುಗಳು ನಿಂತವು, ಸಿಬ್ಬಂದಿ ಕಡತಕ್ಕೆ ಫಲಿತಾಂಶದ ಪ್ರತಿ ಸೇರಿತು. ಕೆಲವು ತಿಂಗಳ ನಂತರ ಕೆಲಸಗಳನ್ನು ಮರುಹಂಚಿಕೆ ಮಾಡುವಾಗ ವ್ಯವಸ್ಥಾಪಕರು ಆ ಕಡತಗಳನ್ನು ತೆರೆದರು. ಕ್ಷೇತ್ರಾಧಿಕಾರಿಯ ಸಂಕೇತದ ಮೊದಲ ಅಕ್ಷರ ಅಂತರ್ಮುಖಿ ಎನ್ನುತ್ತಿತ್ತು. ತಿಂಗಳ ಪರಿಶೀಲನಾ ಸಭೆಯಲ್ಲಿ ಅವರು ಬಾಯಿ ಬಿಡುತ್ತಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಹಾಗಾಗಿ ಕಾರ್ಡು ಹೇಳಿದ್ದು ಕಣ್ಣಿಗೆ ಕಂಡದ್ದಕ್ಕೆ ತಾಳೆಯಾಯಿತು. ಅವರನ್ನು ಕಚೇರಿಯೊಳಗಿನ ದಾಖಲೆ ವಿಭಾಗಕ್ಕೆ ಹಾಕಲಾಯಿತು. ‘ಬಹಿರ್ಮುಖಿ’ ಎಂದು ಬಂದಿದ್ದ, ಎಲ್ಲರೊಡನೆ ನಗುನಗುತ್ತ ಬೆರೆಯುತ್ತಿದ್ದ ಕಿರಿಯ ಸಹೋದ್ಯೋಗಿಯನ್ನು ಹಳ್ಳಿಗಳಿಗೆ ಕಳುಹಿಸಲಾಯಿತು. ಇದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಅಧಿಕಾರಿಗೆ ಹಿತವಾಗುವ ಕೆಲಸವನ್ನೇ ಕೊಟ್ಟೆ ಎಂದು ವ್ಯವಸ್ಥಾಪಕರು ಪ್ರಾಮಾಣಿಕವಾಗಿ ನಂಬಿದ್ದರು.

ಸಮಸ್ಯೆ

ಮುಂದಿನ ಹಂಗಾಮಿನ ಹೊತ್ತಿಗೆ ಮೂರು ಕಡೆಯಿಂದ ತೊಂದರೆ ಕಾಣಿಸಿತು. ಸಾಲ ನವೀಕರಣದ ಕಡತಗಳು ತಡವಾಗತೊಡಗಿದವು. ಸಹಕಾರ ಸಂಘಗಳ ಮೂಲಕ ಸಿಗುವ ಬೆಳೆಸಾಲಕ್ಕೆ ಶೂನ್ಯ ಬಡ್ಡಿಯ ಸೌಲಭ್ಯ ದೊರೆಯುವುದು ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ ಮಾತ್ರ. ಗಡುವು ತಪ್ಪಿದರೆ ಆ ಭಾರ ನೇರವಾಗಿ ರೈತನ ತಲೆಯ ಮೇಲೆ ಬೀಳುತ್ತದೆ, ಹಾಗಾಗಿ ಇದು ಕೇವಲ ಕಚೇರಿಯ ಲೆಕ್ಕದ ವಿಷಯವಾಗಿರಲಿಲ್ಲ. ಎರಡನೆಯದಾಗಿ, ಊರಿನವರು ಕಚೇರಿಗೆ ಬಂದು ಹೊಸಬರನ್ನು ಬಿಟ್ಟು ದಾಖಲೆ ವಿಭಾಗದ ಕಿಟಕಿಯ ಮುಂದೆ ನಿಂತು ‘ಅಕ್ಕಾವ್ರೇ, ನಮ್ಮ ಕಡೆ ಯಾವಾಗ ಬರ್ತೀರಿ’ ಎಂದು ಕೇಳುತ್ತಿದ್ದರು. ಅದು ಕಿರಿಯ ಸಹೋದ್ಯೋಗಿಯ ಕಿವಿಗೂ ಬೀಳುತ್ತಿತ್ತು. ಮೂರನೆಯದಾಗಿ, ವರ್ಷಗಳಿಂದ ರಜೆಯನ್ನೇ ಹಾಕದಿದ್ದ ಅಧಿಕಾರಿ ಮೇಲಿಂದ ಮೇಲೆ ರಜೆ ಹಾಕಿ, ಕೊನೆಗೆ ಬೇರೆ ಶಾಖೆಗೆ ವರ್ಗಾವಣೆ ಕೋರಿ ಅರ್ಜಿ ಕೊಟ್ಟರು.

ಸಂಸ್ಥೆ ಸುಮ್ಮನೆ ಕೂತಿರಲಿಲ್ಲ. ಅಧಿಕಾರಿಯನ್ನು ಭಾಷಣ ಕಲೆಯ ತರಗತಿಗೆ ಕಳುಹಿಸಲಾಯಿತು. ಅಂತರ್ಮುಖಿಯನ್ನು ಬಹಿರ್ಮುಖಿಯನ್ನಾಗಿ ಮಾಡಿದರೆ ಮತ್ತೆ ಕ್ಷೇತ್ರಕ್ಕೆ ಕಳುಹಿಸಬಹುದು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಅಪರಿಚಿತರ ಮುಂದೆ ವೇದಿಕೆಯ ಮೇಲೆ ನಿಂತು ಮಾತನಾಡುವ ಅಭ್ಯಾಸ ಅವರನ್ನು ಇನ್ನಷ್ಟು ಕುಗ್ಗಿಸಿತು, ಅವರು ಅರ್ಧಕ್ಕೇ ಬಿಟ್ಟರು. ಕಿರಿಯ ಸಹೋದ್ಯೋಗಿಗೆ ಲಿಖಿತ ಎಚ್ಚರಿಕೆ ಕೊಡಲಾಯಿತು. ಆತ ಒಂದು ವಾರ ಬಿರುಸಾಗಿ ಓಡಾಡಿದರು, ನಂತರ ರೈತರ ಫೋನ್ ಎತ್ತುವುದನ್ನೇ ಕಡಿಮೆ ಮಾಡಿದರು. ಹೀಗೆ ಎರಡೂ ಪ್ರಯತ್ನ ಹುಸಿಯಾದ ಮೇಲೆ ವ್ಯವಸ್ಥಾಪಕರು ನನ್ನಲ್ಲಿ ಕೇಳಿದ್ದು ಸರಳವಾದ ಪ್ರಶ್ನೆ: ಶಿಬಿರದಲ್ಲಿ ಮಾಡಿದ ಪರೀಕ್ಷೆ ಸರಿಯಿರಲಿಲ್ಲವೆಂದು ಕಾಣುತ್ತದೆ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದು? ಅದನ್ನು ಎಲ್ಲರಿಗೂ ಮಾಡಿ, ಯಾರನ್ನು ಎಲ್ಲಿ ಹಾಕಬೇಕೆಂದು ಹೇಳಿಕೊಡಿ.

ಮೊದಲ ತೀರ್ಮಾನ

ಈ ಕೋರಿಕೆಯನ್ನು ನಾನು ಒಪ್ಪಲಿಲ್ಲ. ಇಡೀ ಪ್ರಕರಣದ ದಿಕ್ಕು ನಿರ್ಧಾರವಾದದ್ದು ಅಲ್ಲೇ. ಒಂದು ಪರೀಕ್ಷೆಯ ಜಾಗದಲ್ಲಿ ಇನ್ನೊಂದನ್ನು ತಂದು ಕೂರಿಸಿದರೆ ಹಳೆಯ ಹಣೆಪಟ್ಟಿಯ ಮೇಲೆ ಹೊಸ ಹಣೆಪಟ್ಟಿ ಅಂಟಿಸಿದಂತಾಗುತ್ತಿತ್ತು, ಪ್ರಶ್ನೆ ಹಾಗೇ ಉಳಿಯುತ್ತಿತ್ತು. ಕೇಳಬೇಕಾದದ್ದು ‘ಈಕೆ ಯಾವ ಮಾದರಿಯ ವ್ಯಕ್ತಿ’ ಎಂದಲ್ಲ, ‘ಈ ಕೆಲಸ ದಿನದ ಯಾವ ಹೊತ್ತಿನಲ್ಲಿ ಏನನ್ನು ಬೇಡುತ್ತದೆ, ಅದರಲ್ಲಿ ಈಕೆಗೆ ಸುಲಭವಾದದ್ದು ಯಾವುದು, ದುಬಾರಿಯಾದದ್ದು ಯಾವುದು’ ಎಂದು. ಮೈಯರ್ಸ್-ಬ್ರಿಗ್ಸ್ ಪ್ರಶ್ನಾವಳಿಯನ್ನು ಪ್ರಕಟಿಸುವ ಸಂಸ್ಥೆಯೇ ಅದನ್ನು ನೇಮಕಾತಿಗೆ ಬಳಸಬಾರದೆಂದು ಹೇಳುತ್ತದೆ ಎಂಬುದನ್ನು ತಿಳಿಸಿದಾಗ ವ್ಯವಸ್ಥಾಪಕರಿಗೆ ನಿಜಕ್ಕೂ ಆಶ್ಚರ್ಯವಾಯಿತು. ‘ಹಾಗಾದರೆ ಅಷ್ಟು ದುಡ್ಡು ಸುರಿದು ಮಾಡಿಸಿದ ಶಿಬಿರ ವ್ಯರ್ಥವೇ?’ ಎಂದು ಕೇಳಿದರು. ವ್ಯರ್ಥವಲ್ಲ, ಮಾತುಕತೆ ಆರಂಭಿಸಲು ಅದು ಒದಗಿದೆ, ಹುದ್ದೆ ಹಂಚಲು ಮಾತ್ರ ಅದು ಸಾಲದು ಎಂದು ಉತ್ತರಿಸಿದೆ. ಅವರು ಪೂರ್ತಿ ಒಪ್ಪಲಿಲ್ಲ, ಆದರೆ ಕಾಲಾವಕಾಶ ಕೊಟ್ಟರು.

ಕಾರ್ಡುಗಳ ಮೇಲಿನ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅದನ್ನು ಸ್ವಲ್ಪ ಸಡಿಲಿಸದೆ ಮುಂದೆ ಹೋಗುವಂತಿರಲಿಲ್ಲ. ‘ನನ್ನ ಬಗ್ಗೆ ಬರೆದದ್ದು ನೂರಕ್ಕೆ ನೂರು ನಿಜ’ ಎಂದು ಅನೇಕರು ಹೇಳುತ್ತಿದ್ದರು. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ 1948ರಲ್ಲಿ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆಯೊಂದನ್ನು ಮಾಡಿ, ಫಲಿತಾಂಶವೆಂದು ಪ್ರತಿಯೊಬ್ಬರಿಗೂ ಒಂದೇ ವಿವರಣೆಯನ್ನು ಕೊಟ್ಟಿದ್ದರು. ಅದರ ವಾಕ್ಯಗಳನ್ನು ಬಹುಪಾಲು ಜ್ಯೋತಿಷ್ಯದ ಪುಸ್ತಕವೊಂದರಿಂದ ಆರಿಸಿಕೊಂಡಿದ್ದರು. ವಿವರಣೆ ತಮಗೆ ಎಷ್ಟು ಹೊಂದುತ್ತದೆಂದು ವಿದ್ಯಾರ್ಥಿಗಳು ಕೊಟ್ಟ ಅಂಕಗಳ ಸರಾಸರಿ 5ಕ್ಕೆ 4.26. ಅದೇ ಪ್ರಯೋಗವನ್ನು ನಾನು ಸಂಸ್ಥೆಯ ಸಿಬ್ಬಂದಿಯೊಡನೆ ಕನ್ನಡದಲ್ಲಿ ಮಾಡಿದೆ. ‘ಹೊರಗೆ ಧೈರ್ಯವಾಗಿ ಕಂಡರೂ ಒಳಗೊಳಗೆ ಕೆಲವೊಮ್ಮೆ ಅಳುಕುತ್ತೀರಿ’, ‘ನಂಬಿದವರಿಗಾಗಿ ಏನನ್ನೂ ಮಾಡುತ್ತೀರಿ, ಆದರೆ ಎಲ್ಲರನ್ನೂ ನಂಬುವುದಿಲ್ಲ’ ಎಂಬಂಥ ವಾಕ್ಯಗಳ ಒಂದೇ ಹಾಳೆಯನ್ನು ಎಲ್ಲರಿಗೂ ಲಕೋಟೆಯಲ್ಲಿಟ್ಟು ಕೊಟ್ಟೆ. ಹೆಚ್ಚಿನವರು ಚೆನ್ನಾಗಿ ಹೊಂದುತ್ತದೆ ಎಂದು ಗುರುತು ಹಾಕಿದರು. ಪಕ್ಕದವರ ಹಾಳೆಯನ್ನು ಓದಿ ನೋಡಿ ಎಂದಾಗ ಕೊಠಡಿ ನಗುವಿನಿಂದ ತುಂಬಿತು. ಯಾರನ್ನೂ ನಗೆಪಾಟಲು ಮಾಡದೆ ವಿಷಯ ಮನದಟ್ಟಾಯಿತು: ವಿವರಣೆ ನನಗೆ ಹೊಂದುತ್ತದೆ ಅನ್ನಿಸುವುದೇ ಅದು ನನ್ನನ್ನು ಇನ್ನೊಬ್ಬರಿಂದ ಪ್ರತ್ಯೇಕಿಸುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ.

ಆ ದಿನ ಆಡಳಿತ ಮಂಡಳಿಯ ಹಿರಿಯ ನಿರ್ದೇಶಕರೊಬ್ಬರು ಎದ್ದು ನಿಂತು ಹೇಳಿದ ಮಾತೊಂದು ನನ್ನ ಕೆಲಸವನ್ನು ಹಗುರ ಮಾಡಿತು. ಸತ್ತ್ವ, ರಜಸ್ಸು, ತಮಸ್ಸು ಎಂದು ನಮ್ಮಲ್ಲೂ ಮೂರು ಗುಣಗಳ ಲೆಕ್ಕವಿದೆ, ಆದರೆ ಗೀತೆಯ ಹದಿನಾಲ್ಕನೇ ಅಧ್ಯಾಯದಲ್ಲಿ ಒಂದು ಗುಣ ಉಳಿದೆರಡನ್ನು ಅಡಗಿಸಿ ಮೇಲೇಳುತ್ತದೆ, ಮತ್ತೊಮ್ಮೆ ಇನ್ನೊಂದು ಮೇಲೇಳುತ್ತದೆ ಎಂದಿದೆಯೇ ಹೊರತು ಒಬ್ಬೊಬ್ಬ ಮನುಷ್ಯನಲ್ಲಿ ಒಂದೊಂದೇ ಗುಣ ಎಂದಿಲ್ಲವಲ್ಲ ಎಂದರು. ಮೂರೂ ಎಲ್ಲರಲ್ಲೂ ಇರುತ್ತವೆ, ಪ್ರಮಾಣ ಬೇರೆ, ಹೊತ್ತು ಬೇರೆ. ಆಧುನಿಕ ಸಂಶೋಧನೆಯನ್ನು ಗೀತೆಯಲ್ಲಿ ಹುಡುಕುವ ಅಭ್ಯಾಸ ನನಗಿಲ್ಲ. ಆದರೂ ಮಾದರಿ ಎಂಬ ಡಬ್ಬಿಯಿಂದ ಪ್ರಮಾಣದ ಕಡೆಗೆ ಆ ಸಭೆಯ ಯೋಚನೆ ಹೊರಳಿದ್ದು ಆ ಮಾತಿನಿಂದ, ನಾನು ತಂದಿದ್ದ ಸ್ಲೈಡುಗಳಿಂದಲ್ಲ.

ಒಂದು ಅಕ್ಷರ ತಿರುಗಿದಾಗ

ಅಧಿಕಾರಿಯೊಡನೆ ಪ್ರತ್ಯೇಕವಾಗಿ ಮಾತನಾಡಿದಾಗ ಅವರು ಮೊದಲು ಕೇಳಿದ್ದು, ‘ನಾನು ಅಂತರ್ಮುಖಿ ಅಂತ ಮತ್ತೆ ಬಂದರೆ ನನ್ನನ್ನು ಇಲ್ಲೇ ಇಟ್ಟುಬಿಡುತ್ತಾರಾ?’ ಎಂದು. ಅವರ ಒಪ್ಪಿಗೆಯ ಮೇಲೆ ಶಿಬಿರದ ಪ್ರಶ್ನಾವಳಿಯನ್ನೇ ಮತ್ತೊಮ್ಮೆ ತುಂಬಿಸಿದೆ. ಈ ಸಲ ಮೊದಲ ಅಕ್ಷರ ಬಹಿರ್ಮುಖಿ ಎಂದು ಬಂತು. ಅವರು ಬದಲಾಗಿದ್ದರೆಂದಲ್ಲ. ಹಿಂದಿನ ಉತ್ತರಗಳ ಹಾಳೆ ಕಡತದಲ್ಲಿತ್ತು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎರಡು ಸಲವೂ ಅವರ ಅಂಕ ನಟ್ಟನಡುವಿನ ಗೆರೆಗೆ ಅಂಟಿಕೊಂಡಿತ್ತು. ಒಂದೆರಡು ಪ್ರಶ್ನೆಗಳಿಗೆ ಉತ್ತರ ಆಚೀಚೆಯಾದದ್ದಷ್ಟೇ, ಅಕ್ಷರ ಪೂರ್ತಿ ತಿರುಗಿತ್ತು.

ಮಾದರಿಗೂ ಗುಣಲಕ್ಷಣಕ್ಕೂ, ಅಂದರೆ ಎಲ್ಲರಲ್ಲೂ ಹೆಚ್ಚುಕಡಿಮೆ ಪ್ರಮಾಣದಲ್ಲಿ ಇರುವ ಗುಣಕ್ಕೂ, ಇರುವ ವ್ಯತ್ಯಾಸ ಇಲ್ಲಿ ಕಣ್ಣಿಗೆ ಕಟ್ಟುವಂತಿತ್ತು. ಬಹಿರ್ಮುಖತೆಯನ್ನು ಅಳೆದಾಗ ಬಹುಪಾಲು ಜನ ನಡುವಿನ ಭಾಗದಲ್ಲೇ ಬರುತ್ತಾರೆ, ಎರಡು ತುದಿಗಳಲ್ಲಿ ಇರುವವರು ಕಡಿಮೆ. ಎತ್ತರದಂತೆಯೇ ಇದು. ಜನರನ್ನು ‘ಉದ್ದದವರು’, ‘ಗಿಡ್ಡದವರು’ ಎಂದು ಎರಡೇ ಪಂಗಡ ಮಾಡಿದರೆ ನಡುವೆ ಇರುವ ಇಬ್ಬರು, ತಮ್ಮ ನಡುವೆ ಅರ್ಧ ಇಂಚಿನ ಅಂತರವಿದ್ದರೂ, ಬೇರೆ ಬೇರೆ ಪಂಗಡಕ್ಕೆ ಸೇರುತ್ತಾರೆ, ಮತ್ತು ತನ್ನದೇ ಪಂಗಡದ ತುದಿಯಲ್ಲಿರುವವನಿಗೆ ಹೋಲಿಸಿದರೆ ಆಚೆ ಪಂಗಡದ ಪಕ್ಕದವನೇ ತನಗೆ ಹೆಚ್ಚು ಹತ್ತಿರದವನಾಗಿರುತ್ತಾನೆ. ಮಾದರಿ ಹೇಳುವ ಪರೀಕ್ಷೆಗಳಲ್ಲಿ ಕೆಲವೇ ವಾರಗಳ ಅಂತರದಲ್ಲಿ ಗಣನೀಯ ಸಂಖ್ಯೆಯ ಜನರಿಗೆ ಬೇರೆ ಸಂಕೇತ ಬರುವುದಕ್ಕೆ ಇದೇ ಮುಖ್ಯ ಕಾರಣ. ಅಳತೆಯಲ್ಲಿ ಆಗುವ ಸಣ್ಣ ಏರುಪೇರು ಅಕ್ಷರದಲ್ಲಿ ದೊಡ್ಡ ಪಲ್ಲಟವಾಗಿ ಕಾಣುತ್ತದೆ. ಆ ಪಲ್ಲಟವನ್ನು ಕಂಡ ಮೇಲೆ ಅಧಿಕಾರಿ ನಿರಾಳವಾದರು, ವ್ಯವಸ್ಥಾಪಕರು ಮೊದಲ ಬಾರಿಗೆ ಸುಮ್ಮನಾದರು.

ಆದರೆ ‘ನೀವು ನಡುವೆ ಇದ್ದೀರಿ’ ಎಂದು ಹೇಳಿ ನಿಲ್ಲಿಸಿದ್ದರೆ ಅದೂ ಉಪಯೋಗಕ್ಕೆ ಬರುತ್ತಿರಲಿಲ್ಲ. ನಡು ಎಂಬುದು ಕೆಲವೊಮ್ಮೆ ಎರಡು ವಿರುದ್ಧ ಸಂಗತಿಗಳನ್ನು ಕೂಡಿಸಿ ಭಾಗಿಸಿದ ಸರಾಸರಿ ಮಾತ್ರ.

ಗುಣದೊಳಗಿನ ಉಪಗುಣಗಳು

ಗುಣಲಕ್ಷಣಗಳ ಅಧ್ಯಯನಕ್ಕೆ ಬೇರೆಯದೇ ಚರಿತ್ರೆಯಿದೆ. 1936ರಲ್ಲಿ ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ಇಂಗ್ಲಿಷ್ ನಿಘಂಟನ್ನು ಜಾಲಾಡಿ ಮನುಷ್ಯನನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಒಟ್ಟುಮಾಡಿದರು. ಅಂಥ ಪದಗಳಲ್ಲಿ ಯಾವುವು ಒಟ್ಟೊಟ್ಟಿಗೆ ಬರುತ್ತವೆ ಎಂದು ಮುಂದಿನ ದಶಕಗಳ ಸಂಶೋಧಕರು ಲೆಕ್ಕಹಾಕುತ್ತ ಹೋದಂತೆ ಐದು ವಿಶಾಲ ಗುಣಗಳು ಮತ್ತೆ ಮತ್ತೆ ಕಾಣಿಸಿಕೊಂಡವು: ಹೊಸದಕ್ಕೆ ತೆರೆದುಕೊಳ್ಳುವಿಕೆ, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ ಮತ್ತು ಭಾವನಾತ್ಮಕ ತಳಮಳ. 1992ರ ಹೊತ್ತಿಗೆ ಪಾಲ್ ಕೋಸ್ಟಾ ಮತ್ತು ರಾಬರ್ಟ್ ಮೆಕ್ರೇ ಒಂದೊಂದು ಗುಣದೊಳಗೆ ಆರಾರು ಉಪಗುಣಗಳನ್ನು ಗುರುತಿಸಿ, ಒಟ್ಟು 30 ಉಪಗುಣಗಳನ್ನು ಅಳೆಯುವ 240 ಹೇಳಿಕೆಗಳ ಪ್ರಶ್ನಾವಳಿಯನ್ನು ಹೊರತಂದರು. ಲೂಯಿಸ್ ಗೋಲ್ಡ್‌ಬರ್ಗ್ ಅವರ ಮುಂದಾಳ್ತನದಲ್ಲಿ ಇದೇ ಉಪಗುಣಗಳನ್ನು ಅಳೆಯುವ ಹೇಳಿಕೆಗಳು ಸಾರ್ವಜನಿಕ ಬಳಕೆಗೆ ಮುಕ್ತವಾಗಿ ದೊರೆತವು. ನಾನು ಬಳಸಿದ್ದು ಇವುಗಳನ್ನೇ, ಕನ್ನಡದಲ್ಲಿ ವಿವರಿಸಿ, ಅವರ ಬದುಕಿನ ಉದಾಹರಣೆಗಳನ್ನು ಸೇರಿಸಿ. ಪಾರ್ಟಿಗಳು ಇಷ್ಟವೇ ಎಂಬ ಪ್ರಶ್ನೆಗೆ ಅಧಿಕಾರಿಯ ಬದುಕಿನಲ್ಲಿ ಅರ್ಥವಿರಲಿಲ್ಲ, ಮದುವೆ ಮನೆ, ಜಾತ್ರೆ, ಸ್ತ್ರೀಶಕ್ತಿ ಸಂಘದ ಸಭೆ ಎಂದು ಕೇಳಿದಾಗ ಉತ್ತರ ಬಂತು. ಹೀಗೆ ಮಾರ್ಪಡಿಸಿದ ಪ್ರಶ್ನಾವಳಿಯ ಅಂಕಗಳನ್ನು ಬೇರೆ ಜನಸಮೂಹದ ಸರಾಸರಿಗೆ ಹೋಲಿಸುವುದು ಸರಿಯಲ್ಲ. ಆದ್ದರಿಂದ ಅವರ ಒಂದು ಉಪಗುಣವನ್ನು ಅವರದೇ ಇನ್ನೊಂದು ಉಪಗುಣದೊಡನೆ ಮಾತ್ರ ಹೋಲಿಸಿದೆ. ಅವರನ್ನು ಚೆನ್ನಾಗಿ ಬಲ್ಲ ಇಬ್ಬರಿಂದಲೂ ಅದೇ ಹೇಳಿಕೆಗಳಿಗೆ ಉತ್ತರ ಪಡೆದೆ.

ಬಂದ ಚಿತ್ರ ಹೀಗಿತ್ತು. ಬಹಿರ್ಮುಖತೆಯೊಳಗಿನ ಸ್ನೇಹಪರತೆ, ಅಂದರೆ ಎದುರಿನ ಒಬ್ಬ ವ್ಯಕ್ತಿಯನ್ನು ಆದರದಿಂದ ಹಚ್ಚಿಕೊಳ್ಳುವ ಗುಣ, ಅವರಲ್ಲಿ ತುಂಬ ಹೆಚ್ಚು. ಅದರೊಳಗಿನದೇ ಆದ ಗುಂಪಿನ ಒಲವು ತೀರ ಕಡಿಮೆ. ಇವೆರಡರ ಸರಾಸರಿಯೇ ನಡುಗೆರೆಯಲ್ಲಿ ನಿಂತಿದ್ದ ಆ ಅಂಕ. ಇದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದು ಗುಣದ ಕೆಳಗೆ ಸಿಕ್ಕಿತು. ಭಾವನಾತ್ಮಕ ತಳಮಳದ ಉಪಗುಣಗಳಲ್ಲಿ ಒಂದಾದ ಸಂಕೋಚ, ಅಂದರೆ ತನ್ನನ್ನು ಇತರರು ತೂಗಿ ನೋಡುತ್ತಿದ್ದಾರೆ ಎಂಬ ಅಳುಕು, ಅವರಲ್ಲಿ ಎದ್ದು ಕಾಣುವಂತಿತ್ತು. ಆತಂಕ, ಸಿಟ್ಟು ಮುಂತಾದ ಉಳಿದ ಉಪಗುಣಗಳು ಸಾಧಾರಣವಾಗಿದ್ದವು.

ಅಂತರ್ಮುಖತೆಯೂ ಸಂಕೋಚವೂ ಒಂದೇ ಅಲ್ಲ, ಆದರೆ ಹೊರಗಿನಿಂದ ನೋಡುವವರಿಗೆ ಎರಡೂ ಮೌನವಾಗಿಯೇ ಕಾಣುತ್ತವೆ. ಅಂತರ್ಮುಖಿಗೆ ಗುಂಪಿನಲ್ಲಿ ಮಾತು ಬೇಕೆನಿಸುವುದಿಲ್ಲ, ಸಂಕೋಚಪಡುವವರಿಗೆ ಬೇಕೆನಿಸುತ್ತದೆ, ಬಾಯಿ ಬರುವುದಿಲ್ಲ. ಒಬ್ಬರನ್ನು ಹಾಗೇ ಬಿಟ್ಟರೆ ನೆಮ್ಮದಿ, ಇನ್ನೊಬ್ಬರನ್ನು ಹಾಗೇ ಬಿಟ್ಟರೆ ಅನ್ಯಾಯ. ನನ್ನ ಅನುಭವದಲ್ಲಿ ನಮ್ಮ ಕಚೇರಿಗಳಲ್ಲಿ, ಶಾಲೆಗಳಲ್ಲಿ ಅತಿ ಹೆಚ್ಚು ಅದಲುಬದಲಾಗುವ ಜೋಡಿಯೇ ಇದು. ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ ‘ಅವಳ ಸ್ವಭಾವವೇ ಹಾಗೆ’ ಎಂಬ ಮಾತು ಎಷ್ಟೋ ಅಳುಕುಗಳನ್ನು ಮುಚ್ಚಿಬಿಡುತ್ತದೆ.

ದಿನಚರಿ ಮತ್ತು ಜಗಲಿ

ಪ್ರಶ್ನಾವಳಿ ಹೇಳಿದ್ದನ್ನು ನಡವಳಿಕೆಯಲ್ಲಿ ನೋಡದೆ ನಂಬುವಂತಿರಲಿಲ್ಲ. 1968ರಲ್ಲಿ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಎತ್ತಿದ ಆಕ್ಷೇಪ, ಅಂದರೆ ಗುಣಲಕ್ಷಣದ ಅಂಕವೊಂದರಿಂದ ಒಂದು ನಿರ್ದಿಷ್ಟ ಸಂದರ್ಭದ ವರ್ತನೆಯನ್ನು ಊಹಿಸುವುದು ಬಹಳ ಕಷ್ಟ ಎಂಬುದು, ಈ ಕ್ಷೇತ್ರವನ್ನು ದಶಕಗಳ ಕಾಲ ವಾದಕ್ಕೆ ಹಚ್ಚಿತ್ತು. 2001ರಲ್ಲಿ ವಿಲಿಯಂ ಫ್ಲೀಸನ್ ತೋರಿಸಿದ ದಾರಿ ನನಗೆ ಹೆಚ್ಚು ಉಪಯುಕ್ತವೆನಿಸಿದೆ. ದಿನದ ಬೇರೆ ಬೇರೆ ಹೊತ್ತಿನಲ್ಲಿ ಜನರ ವರ್ತನೆಯನ್ನು ದಾಖಲಿಸಿದಾಗ ಒಬ್ಬನೇ ಮನುಷ್ಯ ಎಷ್ಟೋ ಮಟ್ಟಿಗೆ ಏರಿಳಿಯುತ್ತಾನೆ, ಆದರೂ ಅವನ ಸರಾಸರಿ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ ಎಂದು ಅವರು ಕಂಡರು. ಇದನ್ನನುಸರಿಸಿ ಅಧಿಕಾರಿ ಕೆಲವು ವಾರ ಚಿಕ್ಕ ಪುಸ್ತಕವೊಂದರಲ್ಲಿ ದಿನಕ್ಕೆ ಹಲವು ಬಾರಿ ಬರೆದಿಟ್ಟರು: ಈಗ ಎಲ್ಲಿದ್ದೇನೆ, ಯಾರೊಡನೆ, ಎಷ್ಟು ಮಾತನಾಡಿದೆ, ಎಷ್ಟು ಅಳುಕಿತ್ತು. ಆ ವಾರಗಳಲ್ಲಿ ಅವರನ್ನು ಕೆಲವು ದಿನ ಹಳ್ಳಿಗಳಿಗೂ ಕಳುಹಿಸಬೇಕೆಂದು ವ್ಯವಸ್ಥಾಪಕರನ್ನು ಒಪ್ಪಿಸಿದೆ.

ದಿನಚರಿಯನ್ನು ತೆರೆದಾಗ ಏರಿಳಿತದ ವಿನ್ಯಾಸ ಸ್ಪಷ್ಟವಾಗಿತ್ತು. ರೈತರ ಮನೆಗಳಲ್ಲಿ ಮಾತು ಧಾರಾಳ, ಅಳುಕು ಇಲ್ಲವೇ ಇಲ್ಲ. ಸಹೋದ್ಯೋಗಿಗಳೊಡನೆ ಊಟದ ಹೊತ್ತಿನಲ್ಲಿ ಸಾಧಾರಣ. ಮೇಲಧಿಕಾರಿಗಳಿದ್ದ ಕಡೆ, ಅದರಲ್ಲೂ ತಿಂಗಳ ಪರಿಶೀಲನಾ ಸಭೆಯಲ್ಲಿ, ಮಾತು ನೆಲ ಕಚ್ಚಿತ್ತು, ಅಳುಕು ತುದಿ ಮುಟ್ಟಿತ್ತು.

ಒಂದು ದಿನ ಅವರ ಜೊತೆ ನಾನೂ ಹೋಗಿದ್ದೆ. ಹಳೆಯ ಸಾಲ ತೀರಿಸದೆ ಹೊಸ ಸಾಲ ಕೇಳುತ್ತಿದ್ದ ಹಿರಿಯ ರೈತರೊಬ್ಬರ ಮನೆ. ಅಧಿಕಾರಿ ಜಗಲಿಯ ಮೇಲೆ ಕೂತು ಮೊದಲು ಬೋರ್‌ವೆಲ್ಲಿನಲ್ಲಿ ನೀರು ನಿಂತಿದೆಯೋ ಎಂದು ಕೇಳಿದರು. ನಂತರ ಮೆಕ್ಕೆಜೋಳಕ್ಕೆ ಬಿದ್ದ ಹುಳುವಿನ ವಿಷಯ, ಮೊಮ್ಮಗಳ ಪರೀಕ್ಷೆಯ ವಿಷಯ. ಮನೆಯೊಡತಿ ತಂದ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ ಮೇಲೆ ಚೀಲದಿಂದ ಪಹಣಿಯ ಪ್ರತಿ ತೆಗೆದು, ದನಿ ಏರಿಸದೆ ಹೇಳಿದರು: ‘ಈ ಸಲ ಆಗಲ್ಲ ಗೌಡ್ರೇ. ಹಳೇದರಲ್ಲಿ ಅರ್ಧ ಕಟ್ಟಿ, ಮಾರ್ಚ್ ಒಳಗೆ ನವೀಕರಣ ನಾನೇ ಮಾಡಿಸ್ತೀನಿ. ಗಡುವು ದಾಟಿದರೆ ಬಡ್ಡಿ ನಿಮ್ಮ ತಲೆಗೇ ಬರುತ್ತೆ.’ ರೈತರು ಸ್ವಲ್ಪ ಹೊತ್ತು ಸುಮ್ಮನಿದ್ದು ಯಾವ ವಾರ ಕಟ್ಟಬಲ್ಲೆನೆಂದು ಹೇಳಿದರು. ಅಧಿಕಾರಿ ಅದನ್ನು ಅಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಓದಿ ಹೇಳಿ, ಅವರಿಂದ ಹೌದೆನಿಸಿಕೊಂಡು ಎದ್ದರು. ಒಲ್ಲೆ ಎನ್ನುವುದನ್ನು ಎದುರಿನವರ ಮಾನ ಕಳೆಯದೆ ಹೇಳುವುದು, ಹೇಳಿದ್ದನ್ನು ಬರೆದಿಡುವುದು, ಬರೆದದ್ದನ್ನು ಮಾಡುವುದು: ಕ್ಷೇತ್ರದ ಕೆಲಸದ ತಿರುಳು ಈ ಮೂರು. ಬಹಿರ್ಮುಖಿ ಎಂಬ ಅಕ್ಷರದಲ್ಲಿ ಇವುಗಳಲ್ಲಿ ಒಂದೂ ಅಡಗಿಲ್ಲ.

ಕಿರಿಯ ಸಹೋದ್ಯೋಗಿಯ ಕಡೆಯ ಚಿತ್ರ

ಈ ಪ್ರಕರಣವನ್ನು ಅಧಿಕಾರಿಯ ಕಥೆಯಾಗಿ ಮಾತ್ರ ಹೇಳಿದರೆ ಕಿರಿಯ ಸಹೋದ್ಯೋಗಿಗೆ ಅನ್ಯಾಯವಾಗುತ್ತದೆ. ಆತ ಸೋಮಾರಿಯೂ ಅಲ್ಲ, ಬೇಜವಾಬ್ದಾರಿಯೂ ಅಲ್ಲ. ಗುಂಪಿನ ಒಲವು, ಲವಲವಿಕೆ ಎರಡೂ ಅವರಲ್ಲಿ ಹೆಚ್ಚು. ಜೊತೆಗೆ ಸೌಹಾರ್ದದೊಳಗಿನ ಹೊಂದಾಣಿಕೆಯ ಗುಣವೂ ಬಹಳ ಹೆಚ್ಚು, ಕೇಳಿದವರಿಗೆ ಇಲ್ಲ ಎನ್ನುವುದು ಅವರಿಗೆ ಅಸಾಧ್ಯವೆನ್ನುವಷ್ಟು ಕಷ್ಟ. ಕರ್ತವ್ಯನಿಷ್ಠೆಯ ಒಳಗೆ ದುಡಿಯುವ ಹಂಬಲ ಚೆನ್ನಾಗಿತ್ತು, ಅಚ್ಚುಕಟ್ಟುತನ ಕಡಿಮೆಯಿತ್ತು. ಹೀಗಾಗಿ ಹೋದಲ್ಲೆಲ್ಲ ಎಲ್ಲರಿಗೂ ‘ಆಗ್ತದೆ, ಮಾಡಿಕೊಡ್ತೀನಿ’ ಎಂದು ಹೇಳಿ ಬರುತ್ತಿದ್ದರು, ಬರೆದಿಡುತ್ತಿರಲಿಲ್ಲ, ವಾರದ ಕೊನೆಗೆ ಕೊಟ್ಟ ಮಾತುಗಳ ರಾಶಿಯ ಕೆಳಗೆ ತಾವೇ ಸಿಕ್ಕಿಕೊಳ್ಳುತ್ತಿದ್ದರು. ಫೋನ್ ಎತ್ತದಿರುವುದು ಉಡಾಫೆಯೆಂದು ಕಚೇರಿ ತಿಳಿದಿತ್ತು. ಮಾತು ತಪ್ಪಿದ ನಾಚಿಕೆಯಿಂದ ಅವರು ಎತ್ತುತ್ತಿರಲಿಲ್ಲ. 1991ರಲ್ಲಿ ಮರ್ರೇ ಬ್ಯಾರಿಕ್ ಮತ್ತು ಮೈಕೆಲ್ ಮೌಂಟ್ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಐದು ಗುಣಗಳಲ್ಲಿ ಎಲ್ಲ ಬಗೆಯ ಉದ್ಯೋಗಗಳಲ್ಲೂ ಕೆಲಸದ ಗುಣಮಟ್ಟದೊಡನೆ ಸ್ಥಿರವಾಗಿ ನಂಟು ಹೊಂದಿದ್ದು ಕರ್ತವ್ಯನಿಷ್ಠೆ ಎಂದು ಕಂಡುಬಂದಿತ್ತು. ಬಹಿರ್ಮುಖತೆಯ ನಂಟು ಮಾರಾಟ, ಮೇಲ್ವಿಚಾರಣೆಯಂಥ ಕೆಲಸಗಳಲ್ಲಿ ಕಾಣಿಸಿತ್ತು. ಸಾಲದ ವಸೂಲಾತಿಯನ್ನು ವ್ಯವಸ್ಥಾಪಕರು ಮಾರಾಟದ ಕೆಲಸವೆಂದು ಬಗೆದಿದ್ದರು, ಅದು ಬಹುಮಟ್ಟಿಗೆ ಕೊಟ್ಟ ಮಾತಿನ ಜಾಡು ಹಿಡಿಯುವ ಕೆಲಸ.

ತಿರುವು ಮತ್ತು ಪರಿಣಾಮ

ಕ್ಷೇತ್ರದ ಕೆಲಸವನ್ನು ಬಿಡಿಬಿಡಿಯಾಗಿ ಹಾಳೆಯ ಮೇಲೆ ಬರೆಯಲು ಮೂವರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದೆ. ಹೊಸ ಸದಸ್ಯರನ್ನು ಸೇರಿಸುವ ಗ್ರಾಮಸಭೆ, ಠೇವಣಿ ಸಂಗ್ರಹದ ಪ್ರಚಾರ, ಮನೆಮನೆಯ ಪರಿಶೀಲನೆ, ಸಾಲದ ಅರ್ಜಿ ತಿರಸ್ಕಾರವಾದದ್ದನ್ನು ತಿಳಿಸುವುದು, ಗಡುವಿನ ಜಾಡು, ಸ್ತ್ರೀಶಕ್ತಿ ಸಂಘಗಳ ಲೆಕ್ಕ. ಯಾರ ಅಂಕಗಳೂ ಮೇಜಿನ ಮೇಲೆ ಇರಲಿಲ್ಲ, ಯಾವ ಕೆಲಸ ತಮಗೆ ದಿನದ ಕೊನೆಗೆ ಹುರುಪು ಉಳಿಸುತ್ತದೆ, ಯಾವುದು ಹಿಂಡಿಹಾಕುತ್ತದೆ ಎಂದು ಇಬ್ಬರೂ ತಾವೇ ಗುರುತು ಹಾಕಿದರು. ಕಿರಿಯ ಸಹೋದ್ಯೋಗಿ ‘ಇಲ್ಲ ಅನ್ನೋ ಕೆಲಸ ನನ್ನಿಂದ ಆಗಲ್ಲ ಸಾರ್’ ಎಂದು ವ್ಯವಸ್ಥಾಪಕರ ಮುಖ ನೋಡಿ ಹೇಳಿದ್ದು ಆ ದಿನವೇ. ಅಲ್ಲಿಯವರೆಗೆ ಆತನ ವೈಫಲ್ಯವೆಂದು ಕಂಡದ್ದು ಅಲ್ಲಿಂದ ಮುಂದೆ ಹಂಚಿಕೊಳ್ಳಬಹುದಾದ ಕೆಲಸವಾಗಿ ಕಂಡಿತು. ಗ್ರಾಮಸಭೆ, ಪ್ರಚಾರ, ಮೊದಲ ಭೇಟಿ ಆತನಿಗೆ, ಪರಿಶೀಲನೆ, ತಿರಸ್ಕಾರ, ಗಡುವಿನ ಜಾಡು ಮತ್ತು ಮಹಿಳಾ ಸಂಘಗಳು ಅಧಿಕಾರಿಗೆ ಎಂದಾಯಿತು. ಆತ ಕೊಟ್ಟ ಪ್ರತಿ ಮಾತನ್ನೂ ಅದೇ ಸಂಜೆ ಹಂಚಿಕೆಯ ಪುಸ್ತಕದಲ್ಲಿ ಬರೆಯಬೇಕೆಂಬ ನಿಯಮವನ್ನು ಅವರಿಬ್ಬರೇ ಮಾಡಿಕೊಂಡರು.

ಸಭೆಯ ಮೌನಕ್ಕೆ ಬೇರೆ ಮದ್ದು ಬೇಕಿತ್ತು. ಕೆಲಸಕ್ಕೆ ಸೇರಿದ ಆರಂಭದ ದಿನಗಳಲ್ಲಿ ಒಮ್ಮೆ ತಪ್ಪು ಅಂಕಿಯೊಂದನ್ನು ಹೇಳಿದಾಗ ಆಗಿನ ಮೇಲಧಿಕಾರಿಯೊಬ್ಬರು ಎಲ್ಲರ ಮುಂದೆ ಹೀಯಾಳಿಸಿದ್ದರೆಂದು ಅಧಿಕಾರಿ ಬಹಳ ತಡವಾಗಿ ಹೇಳಿದರು. ಅವರನ್ನು ಬದಲಿಸುವ ಮೊದಲು ಸಭೆಯನ್ನು ಬದಲಿಸೋಣ ಎಂದು ನಾನು ಸೂಚಿಸಿದೆ. ಅಂಕಿಅಂಶಗಳನ್ನು ಹಿಂದಿನ ದಿನವೇ ಬರವಣಿಗೆಯಲ್ಲಿ ಪಡೆಯುವುದು, ಸಭೆಯಲ್ಲಿ ಅಂಕಿ ಕೇಳದೆ ‘ಈ ತಿಂಗಳು ಗಮನಿಸಬೇಕಾದ ಒಂದು ಊರು ಯಾವುದು’ ಎಂದು ಕೇಳುವುದು, ಮಾತನಾಡುವ ಸರದಿಯನ್ನು ಹಿರಿತನದ ಬದಲು ಊರುಗಳ ಕ್ರಮದಲ್ಲಿ ಇಡುವುದು ಇವಿಷ್ಟೇ ಮಾರ್ಪಾಡು. ಮೊದಲೆರಡು ಸಭೆಗಳಲ್ಲಿ ಏನೂ ಆಗಲಿಲ್ಲ. ನಂತರದ ಸಭೆಯೊಂದರಲ್ಲಿ ಅವರು ಒಂದು ಹಳ್ಳಿಯ ಕೆರೆ ಬತ್ತಿದ್ದರಿಂದ ಅಲ್ಲಿನ ವಸೂಲಾತಿಯ ವೇಳಾಪಟ್ಟಿಯನ್ನು ಬದಲಿಸಬೇಕೆಂದು ಪೂರ್ತಿ ವಾದ ಮಂಡಿಸಿದರು, ಮಂಡಳಿ ಒಪ್ಪಿತು. ಅವರು ಮಾತುಗಾರ್ತಿಯಾಗಿಲ್ಲ. ಶಾಖೆಯ ಮುಖ್ಯಸ್ಥರ ಹುದ್ದೆಗೆ ಹೆಸರು ಕೇಳಿದಾಗ, ದಿನವಿಡೀ ಗುಂಪಿನ ನಡುವೆ ಇರಬೇಕಾದ ಕೆಲಸ ಬೇಡವೆಂದು ಸ್ಪಷ್ಟವಾಗಿ ಹೇಳಿದರು. ಆ ನಿರಾಕರಣೆ ಸಂಕೋಚದಿಂದ ಬಂದದ್ದಲ್ಲ, ಒಲವಿನಿಂದ ಬಂದದ್ದು ಎಂದು ಅವರೊಡನೆ ಮಾತನಾಡಿದ ಮೇಲೆ ನನಗೆ ಖಚಿತವಾಯಿತು, ಹಾಗಾಗಿ ಒತ್ತಾಯಿಸಬೇಡಿ ಎಂದು ಸಲಹೆ ಕೊಟ್ಟೆ.

ಮುಂದಿನ ಗಡುವಿನ ಹೊತ್ತಿಗೆ ನವೀಕರಣಗಳು ಬಹುತೇಕ ಸಮಯಕ್ಕೆ ಮುಗಿದವು. ವರ್ಗಾವಣೆಯ ಅರ್ಜಿಯನ್ನು ಅಧಿಕಾರಿ ಹಿಂದಕ್ಕೆ ಪಡೆದರು. ಆ ವರ್ಷ ಮಳೆಯೂ ಚೆನ್ನಾಗಿತ್ತು, ಆದ್ದರಿಂದ ವಸೂಲಾತಿಯ ಸುಧಾರಣೆಯನ್ನೆಲ್ಲ ಈ ಮರುಹಂಚಿಕೆಯ ಖಾತೆಗೆ ಬರೆಯಲಾಗದು. ಕಿರಿಯ ಸಹೋದ್ಯೋಗಿಯ ಮನಸ್ಸಿನ ಕಹಿ 'ಎಚ್ಚರಿಕೆ ಪತ್ರ' ಕಡತದಲ್ಲಿ ಇರುವವರೆಗೂ ಹೋಗಲಿಲ್ಲ, ಅದನ್ನು ತೆಗೆಸಲು ಮಂಡಳಿಯ ಮುಂದೆ ಎರಡು ಸಲ ವಿಷಯ ಇಡಬೇಕಾಯಿತು. ವ್ಯವಸ್ಥಾಪಕರು ಇಂದಿಗೂ ಹೊಸಬರು ಬಂದಾಗ ‘ಇವರು ಯಾವ ಟೈಪು’ ಎಂದು ಕೇಳುವುದುಂಟು. ಆದರೆ ಉತ್ತರ ಬಂದ ಮೇಲೆ ‘ಯಾವ ಹೊತ್ತಿನಲ್ಲಿ?’ ಎಂದು ಇನ್ನೊಂದು ಪ್ರಶ್ನೆಯನ್ನೂ ಸೇರಿಸುತ್ತಾರೆ.

ಕೊನೆಗೆ ಉಳಿದದ್ದು ಕಡತಗಳ ಪ್ರಶ್ನೆ. ನಾನು ಪಡೆದ ಉಪಗುಣಗಳ ವಿವರವನ್ನೂ ಸಿಬ್ಬಂದಿ ಕಡತಕ್ಕೆ ಸೇರಿಸಬೇಕೆಂದು ಕಚೇರಿ ಕೇಳಿತು, ನಾನು ಕೊಡಲಿಲ್ಲ. ಹುಷಾರಾಗಿ ಪಡೆದ ಅಂಕವೂ ಕಡತದೊಳಗೆ ಹೋಗಿ ಕೂತರೆ ಮುಂದಿನ ವ್ಯವಸ್ಥಾಪಕರ ಕೈಯಲ್ಲಿ ಮತ್ತೊಂದು ಬಣ್ಣದ ಕಾರ್ಡಾಗುತ್ತದೆ. ವಿವರದ ಹಾಳೆಗಳನ್ನು ಅವರವರ ಕೈಗೇ ಕೊಟ್ಟೆ, ಶಿಬಿರದ ಹಳೆಯ ಫಲಿತಾಂಶಗಳನ್ನು ಕಡತಗಳಿಂದ ತೆಗೆಯಲು ಮಂಡಳಿ ನಿರ್ಣಯ ಮಾಡಿತು. ಕೆಲಸದ ಬಿಡಿಪಟ್ಟಿಯನ್ನು ಮಾತ್ರ ಕಚೇರಿ ಇಟ್ಟುಕೊಂಡಿದೆ, ವರ್ಷಕ್ಕೊಮ್ಮೆ ಅದನ್ನು ಹರಡಿ ಯಾರು ಯಾವುದನ್ನು ಹೊರಬಲ್ಲರೆಂದು ಅವರನ್ನೇ ಕೇಳುತ್ತಾರೆ.